ಹದಿನೇಳು ಹಳದಿ ಕೋಶಗಳು

ಸೂಕ್ಷ್ಮದರ್ಶಕದ ಮಸೂರದ ಮೂತಿಗೆ ಅಂಟಿದ್ದ ಎಣ್ಣೆಯನ್ನು ಅವಳು ಮೂರನೆಯ ಕಾಗದದಿಂದ ಒರೆಸುತ್ತಿದ್ದಳು. ಒತ್ತಬಾರದು, ಉಜ್ಜಬಾರದು, ತೆಳ್ಳನೆಯ ಕಾಗದವನ್ನು ಗಾಜಿನ ಮೇಲೆ ಹಾಸಿ ಮೆಲ್ಲಗೆ ಎಳೆದುಬಿಡಬೇಕು, ನಿದ್ದೆಹೋದ ಕೂಸಿನ ಬಾಯಿ ಒರೆಸಿದ ಹಾಗೆ. ಎಣ್ಣೆ ತಾಕಬಾರದ ಮಸೂರ ಅದು. ಪಕ್ಕದ್ದಕ್ಕೆ ಒಂದು ಹನಿ ಬೇಕೇ ಬೇಕು, ಇದಕ್ಕೆ ಬೇಡವೇ ಬೇಡ. ನಿನ್ನೆ ಸಂಜೆ ಯಾರೋ ಎಣ್ಣೆ ಮೆತ್ತಿದ ಗಾಜಿನ ಮೇಲೆಯೇ ಇದನ್ನು ತಿರುಗಿಸಿ, ನೋಡಿದ್ದು ನೋಡಿ, ಏನೂ ಅರಿಯದವರ ಹಾಗೆ ದೀಪ ಆರಿಸಿ ಹೋಗಿದ್ದಾರೆ. ಯಾರು? ರಿಜಿಸ್ಟರಿನಲ್ಲಿ ಮೂರು ಹೆಸರಿದ್ದವು. ಮೊದಲನೆಯವಳು ಹೆದರುಪುಕ್ಕಲಿ, ಮಸೂರ ಬದಲಿಸುವ ಧೈರ್ಯವೇ ಅವಳಿಗಿಲ್ಲ. ಎರಡನೆಯವನು ಅಚ್ಚುಕಟ್ಟು, ಆದರೆ ಅಚ್ಚುಕಟ್ಟಿನವರನ್ನು ನಂಬುವುದನ್ನು ಅವಳು ಈಚೆಗೆ ಬಿಟ್ಟಿದ್ದಳು. ಮೂರನೆಯವನು ಬೆಳಿಗ್ಗೆ ಮೆಟ್ಟಿಲ ಹತ್ತಿರ ಸಿಕ್ಕಾಗ, ಯಾವತ್ತೂ ಇಲ್ಲದ್ದು, ತಿಂಡಿ ಆಯ್ತಾ ಅಂದಿದ್ದ. ಅವನೇ ಇರಬೇಕು. ತಪ್ಪು ಮಾಡಿದವರ ಬಾಯಲ್ಲಿ ಮೊದಲು ಬರುವುದೇ ಕ್ಷೇಮ ಸಮಾಚಾರ. ಹಾಗೆ ಅಂದುಕೊಂಡ ಕೂಡಲೇ, ತಾನೂ ಬೆಳಿಗ್ಗೆ ಅಕ್ಕನನ್ನು ಕಾರಣವಿಲ್ಲದೆ ಎರಡು ಸಲ ಮಂಡಿನೋವು ಹೇಗಿದೆ ಎಂದು ಕೇಳಿದ್ದು ನೆನಪಾಗಿ, ಕಾಗದ ಹಿಡಿದ ಕೈ ಗಾಜಿನ ಮೇಲೆ ಒಂದು ಕ್ಷಣ ನಿಂತಿತು.

ಬಾಗಿಲು ತಳ್ಳಿಕೊಂಡು ರಿಪೇರಿಯವನು ಬಂದ. ತೋಳಿನಲ್ಲಿ ದೊಡ್ಡ ಪೆಟ್ಟಿಗೆ, ಹಲ್ಲಿನ ನಡುವೆ ರಸೀದಿ. ವರ್ಷಕ್ಕೆ ಎರಡು ಸಲ ಬಂದು ಲೇಸರುಗಳನ್ನು ನೆಟ್ಟಗೆ ಮಾಡಿಹೋಗುವವನು ಅವನು. ಈ ಸಲ ಹಳೆಯ ಕಂಪ್ಯೂಟರನ್ನೇ ಕಿತ್ತು ಹೊಸದನ್ನು ಕೂರಿಸಲು ಬಂದಿದ್ದ.

"ಏನಮ್ಮಾ, ಇನ್ನೂ ಬಾಯಿ ತೊಳಿಸ್ತಾನೇ ಇದ್ದೀರಾ ಇದಕ್ಕೆ? ನಿಮ್ಮ ಕೈಲಿ ಈ ಮಿಷನ್ನು ಮಗು ಥರ ಬೆಳೀತಾ ಇದೆ."

"ಮಗುವಾಗಿದ್ರೆ ಇಷ್ಟೊತ್ತಿಗೆ ಮದುವೆ ಮಾಡಿ ಕಳಿಸ್ತಿದ್ದೆ. ಕಾಲು ಒರೆಸ್ಕೊಂಡು ಬಾಪ್ಪ."

"ಮಧ್ಯಾಹ್ನ ಒಂದು ಗಂಟೆ ಒಳಗೆ ಹಳೇದರ ತಂತಿ ಕೀಳ್ಬೇಕು. ಅಷ್ಟರಲ್ಲಿ ನಿಮ್ಮದೇನಾದ್ರೂ ಅದರಲ್ಲಿದ್ರೆ ತೆಗೆದಿಟ್ಕೊಳ್ಳಿ. ಆಮೇಲೆ ನನ್ನನ್ನ ಬೈಬೇಡಿ."

ನಿಮ್ಮದೇನಾದ್ರೂ. ಆ ಮಾತನ್ನು ಅವನು ಬೇಕೆಂದೇ ಆಡಿದನೇ? ಅವಳು ಅವನ ಮುಖ ನೋಡಿದಳು. ಅವನು ಪೆಟ್ಟಿಗೆಯ ಅಂಟುಪಟ್ಟಿಯನ್ನು ಉಗುರಿನಿಂದ ಕೆರೆಯುತ್ತಿದ್ದ. ಅವಳದ್ದು ಅದರಲ್ಲಿ ಒಂದಿತ್ತು. 'ಮುಚ್ಚುಗಾಜು ತೊಳೆಯುವ ಕ್ರಮ' ಎಂದು ಹೆಸರಿಟ್ಟ ಕಡತ. ಅಂಥ ಹೆಸರಿನದನ್ನು ಯಾರೂ ತೆರೆಯುವುದಿಲ್ಲ ಎಂದೇ ಆ ಹೆಸರಿಟ್ಟಿದ್ದು. ಒಳಗೆ ಗಾಜಿನ ವಿಷಯ ಒಂದಕ್ಷರವೂ ಇರಲಿಲ್ಲ. ಎಂಟು ತಿಂಗಳಿಂದ ಕಳುಹಿಸದೆ ಇಟ್ಟ ಒಂದು ಕಾಗದವಿತ್ತು.

ಈ ಕಟ್ಟಡದಲ್ಲಿ ಎಲ್ಲರೂ ಅವಳನ್ನು ಸೂಜಿಯಮ್ಮ ಎನ್ನುತ್ತಿದ್ದರು. ಹೊಸದಾಗಿ ಬಂದವರಿಗೆ ಕಾನ್ಫೋಕಲ್ ಸೂಕ್ಷ್ಮದರ್ಶಕವನ್ನು ಪರಿಚಯಿಸುವಾಗ ಅವಳು ಇಪ್ಪತ್ತೆರಡು ವರ್ಷದಿಂದ ಹೇಳುತ್ತಾ ಬಂದ ಮಾತಿನಿಂದ ಅಂಟಿದ ಹೆಸರು. "ನೋಡ್ರಪ್ಪಾ, ಮಾಮೂಲಿ ಸೂಕ್ಷ್ಮದರ್ಶಕ ಎಲ್ಲ ಬೆಳಕನ್ನೂ ಒಳಗೆ ಬಿಡುತ್ತೆ, ಮದುವೆಮನೆ ಬಾಗಿಲಿನ ಥರ. ಇದು ಹಾಗಲ್ಲ. ಲೇಸರು ಒಂದು ಚುಕ್ಕಿಯಾಗಿ ಸಾಲುಸಾಲಾಗಿ ಓಡಾಡುತ್ತೆ. ತಿರುಗಿ ಬರೋ ಬೆಳಕಿಗೆ ಮುಂದೆ ಒಂದು ಸೂಜಿಗಣ್ಣು ಇಟ್ಟಿದೆ. ನೀವು ಯಾವ ಪದರ ನೋಡ್ತಿದ್ದೀರೋ ಆ ಪದರದ್ದು ಮಾತ್ರ ಅದರಲ್ಲಿ ತೂರುತ್ತೆ. ಮೇಲಿನದು, ಕೆಳಗಿನದು, ಎಲ್ಲ ಹೊರಗೇ ಉಳೀತದೆ." ಹಾಗೆ ಒಂದೊಂದೇ ಪದರ ತೆಗೆದು, ಕೂದಲಿಗಿಂತ ತೆಳ್ಳಗಿನ ಅರವತ್ತು ಎಪ್ಪತ್ತು ಪದರಗಳನ್ನು ಕಂಪ್ಯೂಟರು ಒಂದರ ಮೇಲೊಂದು ಪೇರಿಸಿದರೆ, ಗಾಜಿನ ಮೇಲೆ ಚಪ್ಪಟೆ ಕಲೆಯಂತೆ ಬಿದ್ದಿದ್ದ ವಸ್ತು ಎದ್ದು ನಿಂತು ತಿರುಗತೊಡಗುತ್ತದೆ. ಅದರ ಬೆನ್ನು ಕಾಣುತ್ತದೆ, ಬಗಲು ಕಾಣುತ್ತದೆ. ಮೊದಲ ಸಲ ಅದನ್ನು ನೋಡಿದವರು ಸುಮ್ಮನಾಗಿಬಿಡುತ್ತಾರೆ. ಅವರ ಆ ಸುಮ್ಮನಿರುವಿಕೆಯಲ್ಲಿ ತನ್ನದೂ ಒಂದು ಪಾಲಿದೆ ಎಂದು ಅವಳಿಗೆ ಒಳಗೊಳಗೆ ಹೆಮ್ಮೆಯಿತ್ತು. ಎಂಟು ತಿಂಗಳ ಹಿಂದೆ ಐದು ಮಂದಿ ಹೊಸಬರನ್ನು ಕೂರಿಸಿಕೊಂಡು, ಒಳ್ಳೆಯ ಚಿತ್ರವೆಂದರೆ ಹೇಗಿರಬೇಕು ತೋರಿಸುತ್ತೇನೆ ಎಂದು ಆ ಪ್ರಸಿದ್ಧ ಚಿತ್ರವನ್ನು ತೆರೆದಾಗಲೂ ಅದೇ ಹೆಮ್ಮೆಯಿತ್ತು. ಇಲಿಯ ಒಳಕಿವಿ. ಬಸವನಹುಳುವಿನ ಚಿಪ್ಪಿನ ಹಾಗೆ ಸುರುಳಿ. ಶಬ್ದ ಕೇಳುವ ಕೋಶಗಳೆಲ್ಲ ಹಸಿರು, ಅವುಗಳಿಗೆ ಆಸರೆಯಾಗಿ ನಿಂತ ಕೋಶಗಳೆಲ್ಲ ಕೆಂಪು, ನಡುವೆ ಹದಿನೇಳು ಕೋಶಗಳು ಮಾತ್ರ ಹಳದಿ. ಹಳದಿ ಎಂದರೆ ಎರಡೂ ಗುರುತು ಒಂದೇ ಕೋಶದಲ್ಲಿದೆ ಎಂದರ್ಥ. ಆಸರೆಯ ಕೋಶವೊಂದು ಕೇಳುವ ಕೋಶವಾಗಿ ಬದಲಾಗುತ್ತಿದೆ ಎಂದರ್ಥ. ಸತ್ತ ಕಿವಿ ಮತ್ತೆ ಚಿಗುರಬಹುದು ಎಂದರ್ಥ. ವಿಜ್ಞಾನ ಪತ್ರಿಕೆಯೊಂದರ ಮುಖಪುಟದಲ್ಲಿ ಬಂದ ಚಿತ್ರ. "ಇದನ್ನ ತೆಗೆಯುವಾಗ ಹೇಗೆ ಸಿದ್ಧಮಾಡಿಕೊಂಡಿದ್ದೆ ಅನ್ನೋದು ಚಿತ್ರದ ಹೊಟ್ಟೆಯಲ್ಲೇ ಬರೆದಿರುತ್ತೆ, ನೋಡಿ" ಎಂದು ಅವಳು ಆ ಪಟ್ಟಿಯನ್ನು ಬಿಚ್ಚಿದಳು. ಲೇಸರುಗಳ ಸಾಲಿನಲ್ಲಿ ಬರೆದಿತ್ತು: ಎರಡೂ ಒಟ್ಟಿಗೆ.

ಒಂದಾದ ಮೇಲೊಂದು ಎಂದಿರಬೇಕಿತ್ತು. ಒಂದು ಲೇಸರು ಹಚ್ಚಿ ಹಸಿರು ತೆಗೆದು, ಅದನ್ನು ಆರಿಸಿ, ಇನ್ನೊಂದು ಹಚ್ಚಿ ಕೆಂಪು ತೆಗೆಯಬೇಕು. ಎರಡನ್ನೂ ಒಟ್ಟಿಗೆ ಹಚ್ಚಿದರೆ, ಹಸಿರು ಕಡುವಾಗಿರುವ ಕಡೆ ಅದರ ಬೆಳಕಿನ ಬಾಲ ಕೆಂಪಿನ ಕೋಣೆಗೂ ಸೋರುತ್ತದೆ. ಆಗ ಕೆಂಪೇ ಇಲ್ಲದ ಕೋಶದಲ್ಲೂ ಕೆಂಪು ಕಾಣುತ್ತದೆ. ಹಸಿರೂ ಕೆಂಪೂ ಸೇರಿ ಹಳದಿಯಾಗುತ್ತದೆ. ಇದನ್ನು ಅವಳೇ ಎಲ್ಲರಿಗೂ ಮೊದಲ ದಿನ ಹೇಳಿಕೊಡುವುದು. "ಕರೆಂಟು ಏರುಪೇರು ಆಗ್ತಿದೆ" ಎಂದು ನೆಪ ಹೇಳಿ ಪರದೆಯ ಮೇಲಿನ ಆ ಪಟ್ಟಿಯನ್ನು ಮುಚ್ಚಿದ್ದಳು. ಐದು ಮಂದಿಯಲ್ಲಿ ಯಾರಾದರೂ ಆ ಸಾಲು ಓದಿದರೇ? ಅಂದಿನಿಂದ ಆ ಐವರೂ ಅವಳ ಕಣ್ಣಿಗೆ ಬೇರೆಯಾಗಿ ಕಾಣತೊಡಗಿದ್ದರು. ಇಬ್ಬರು ನಕ್ಕರೆ ಇದಕ್ಕೇ ಎನಿಸುತ್ತಿತ್ತು, ನಗದಿದ್ದರೆ ಇನ್ನೂ ಹೆಚ್ಚು ಎನಿಸುತ್ತಿತ್ತು.

ಚಿತ್ರ ತೆಗೆದ ದಿನ ಅವಳಿಗೆ ಚೆನ್ನಾಗಿ ನೆನಪಿತ್ತು, ಮರೆತಿದ್ದರೆ ಒಳ್ಳೆಯದಿತ್ತು. ಏಳು ವರ್ಷದ ಹಿಂದಿನ ಮಾತು. ಒಳಕಿವಿಯ ಗಾಜು ತಂದವನು ಇಲ್ಲಿನ ಮುಖ್ಯಸ್ಥರಾದ ಮೇಷ್ಟ್ರ ಅಚ್ಚುಮೆಚ್ಚಿನ ಶಿಷ್ಯ. ಮೇಷ್ಟ್ರಿಗೆ ಹೆಣ್ಣುಮಕ್ಕಳೇ ಇಲ್ಲದಿದ್ದರೂ ಅವನು ನಡೆದುಕೊಳ್ಳುವ ಠೀವಿ ನೋಡಿ ಪ್ರಯೋಗಾಲಯದವರು ಅವನಿಗೆ ಅಳಿಯ ಎಂದು ಹೆಸರಿಟ್ಟಿದ್ದರು. ಅಳಿಯ ಅವಳನ್ನು ಚಿಕ್ಕಮ್ಮ ಎನ್ನುತ್ತಿದ್ದ. "ಚಿಕ್ಕಮ್ಮಾ, ನೀವು ಕೂತ್ರೆ ಮಾತ್ರ ಈ ಮಿಷನ್ನು ನಗೋದು, ನಮ್ಮನ್ನ ಕಂಡ್ರೆ ಮುಖ ಊದಿಸ್ಕೊಳುತ್ತೆ" ಎಂದು ಕುರ್ಚಿ ಎಳೆದು ಕೊಟ್ಟಿದ್ದ. ಅಂಥ ಮಾತನ್ನು ಅವಳಿಗೆ ಯಾರೂ ಹೇಳುತ್ತಿರಲಿಲ್ಲ. ಅವಳು ಓದಿದ್ದು ಕಡಿಮೆ, ಈ ಕಟ್ಟಡದಲ್ಲಿ ಎಲ್ಲರೂ ಓದಿದವರೇ, ಧನ್ಯವಾದವನ್ನು ಲೇಖನದ ಕೊನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಮುಗಿಸುವವರು. ಅವನ ಮಾತಿಗೆ ನಗುತ್ತಲೇ ಅವಳು ರಿಜಿಸ್ಟರು ಬರೆದಳು. ಚಿತ್ರ ತೆಗೆದ ಮೇಲೆ ಬರೆಯಬೇಕಾದ್ದನ್ನು ಮೊದಲೇ ಬರೆದಿಟ್ಟುಕೊಳ್ಳುವುದು ಅವಳ ಅಭ್ಯಾಸ. ಕೈಗೆ ಎಣ್ಣೆಯಾದ ಮೇಲೆ ಪೆನ್ನು ಮುಟ್ಟಬಾರದಲ್ಲ. 'ಎರಡು ಬಣ್ಣ, ಒಂದಾದ ಮೇಲೊಂದು, ಅರವತ್ತೆರಡು ಪದರ.' ಕೆಳಗೆ ತನ್ನ ಸಹಿ. ಬೆಳಿಗ್ಗೆ ಅದೇ ಯಂತ್ರದಲ್ಲಿ ಇನ್ನೊಬ್ಬರು ಜೀವಂತ ಕೋಶಗಳ ಓಡಾಟವನ್ನು ಹಿಡಿದಿದ್ದರು. ಅದಕ್ಕೆ ಎರಡೂ ಲೇಸರು ಒಟ್ಟಿಗೆ ಬೇಕು. ಆ ಸಿದ್ಧತೆ ಹಾಗೇ ಉಳಿದಿತ್ತು. ಅವಳು ಬದಲಿಸಬೇಕಿತ್ತು. ಬದಲಿಸಿದೆ ಎಂದುಕೊಂಡಿದ್ದಳು, ಪುಸ್ತಕದಲ್ಲಿ ಬರೆದಾಗಿತ್ತಲ್ಲ.

"ಅಮ್ಮಾ, ಈ ಪಟ್ಟಿ ನೋಡಿ" ಎಂದ ರಿಪೇರಿಯವನು. "ನಿಮ್ಮ ಮೇಷ್ಟ್ರು ಕಳಿಸಿದ್ದು. ಯಾವುದು ಹೊಸದಕ್ಕೆ ಹೋಗ್ಬೇಕು, ಯಾವುದು ಬೇಡ ಅಂತ. ಐದು ವರ್ಷಕ್ಕಿಂತ ಹಳೇದೆಲ್ಲ ಅಳಿಸಿಬಿಡಿ ಅಂದಿದ್ದಾರೆ."

ಅವಳು ಕನ್ನಡಕ ಏರಿಸಿ ಓದಿದಳು. ಉಳಿಸಬೇಕಾದ ಕಡತಗಳ ಹೆಸರು ಮೂವತ್ತೆಂಟಿದ್ದವು. ಐದು ವರ್ಷಕ್ಕಿಂತ ಹಳೆಯದರಲ್ಲೂ ಮೂರನ್ನು ಉಳಿಸಲು ಹೇಳಿದ್ದರು. ಒಳಕಿವಿ ಆ ಮೂರರಲ್ಲಿ ಇರಲಿಲ್ಲ. ಅವರಿಗೆ ಅಷ್ಟು ಹೆಸರು ತಂದ ಚಿತ್ರದ ಮೂಲವೇ ಇರಲಿಲ್ಲ.

ಒಂದು ಗಂಟೆಗೆ ತಂತಿ ಕಿತ್ತರೆ ಆ ಸಾಲು ಹೋಯಿತು. ಆಮೇಲೆ ಜಗತ್ತಿನಲ್ಲಿ ಉಳಿಯುವುದು ಅವಳ ರಿಜಿಸ್ಟರಿನ ಬರಹ ಒಂದೇ. ಅವಳಾಗಿ ಬಾಯಿ ಬಿಡದಿದ್ದರೆ ಯಾರೂ ಎಂದೆಂದಿಗೂ ಕಂಡುಹಿಡಿಯಲಾರರು. ಹಾಗಿದ್ದರೆ ಮೇಷ್ಟ್ರಿಗೆ ಗೊತ್ತಿದೆ. ಗೊತ್ತಿದ್ದೇ ಅಳಿಸುತ್ತಿದ್ದಾರೆ. ಎಂಟು ತಿಂಗಳಲ್ಲಿ ಎಷ್ಟು ಸಲ ಅನ್ನಿಸಿರಲಿಲ್ಲ ಇದು! ಕಾಗದವನ್ನು ಮೊದಲು ಬರೆದಾಗ ಅವಳು ಅಳಿಯನ ಮೇಲೆ ಬರೆದಿದ್ದಳು: ಅವನೇ ಆ ಗುಂಡಿಯನ್ನು ಒತ್ತಿರಬೇಕು, ಹಳದಿ ಬರಲೆಂದೇ ತನ್ನನ್ನು ಮಾತಿಗೆಳೆದಿರಬೇಕು. ಎರಡನೆಯ ಸಲ ತಿದ್ದಿದಾಗ ಮೇಷ್ಟ್ರ ಮೇಲೆ ಬರೆದಳು: ಇಷ್ಟು ಓದಿದವರು ಇದನ್ನು ನೋಡದೆ ಇರಲು ಸಾಧ್ಯವೇ ಇಲ್ಲ. ಮೂರನೆಯ ಸಲದ ಕಾಗದದಲ್ಲಿ ಯಂತ್ರದ ಮೇಲೇ ಗುಮಾನಿ ಹಾಕಿದ್ದಳು. ಪ್ರತಿ ಸಲವೂ ಕಾಗದ ಉದ್ದವಾಗುತ್ತಿತ್ತು, ಕಳುಹಿಸುವ ದಿನ ಮುಂದೆ ಹೋಗುತ್ತಿತ್ತು. ಒಂದು ಸಂಜೆ ಅಕ್ಕನ ಮುಂದೆ, ಒಂದು ಕಾಗದ ಬರೆದಿಟ್ಟಿದ್ದೇನೆ ಕಳುಹಿಸಬೇಕು ಎಂದು ಬಾಯಿ ತಪ್ಪಿ ಅಂದಿದ್ದಳು. ಅಕ್ಕನಿಗೆ ಕಿವಿ ಮಂದ. ಬೇಡದ್ದು ಮಾತ್ರ ಕೇಳುತ್ತದೆ ಎನ್ನುವುದು ಇವಳ ಹಳೆಯ ಅನುಮಾನ. "ಬರೆದಾದ ಮೇಲೆ ಯಾಕೆ ಇಟ್ಕೊಂಡಿದ್ದೀಯೇ? ಅದೇನು ಉಪ್ಪಿನಕಾಯಿನಾ, ಇಟ್ಟಷ್ಟೂ ಮಾಗೋಕೆ?" ಎಂದು ಮನೆಯೆಲ್ಲ ಮೊಳಗುವಂತೆ ಕೇಳಿದ್ದಳು ಅಕ್ಕ. ಆಮೇಲೆ ಆ ವಿಷಯ ಎತ್ತಲಿಲ್ಲ. ಎತ್ತದೆ ಇದ್ದದ್ದೇ ಇವಳಿಗೆ ಸಂಶಯಕ್ಕೆ ಕಾರಣವಾಗಿತ್ತು.

ರಿಪೇರಿಯವನು ಬಗ್ಗಿ ಲೇಸರಿನ ಪೆಟ್ಟಿಗೆಯ ತಿರುಪು ಬಿಚ್ಚುತ್ತಿದ್ದಾಗ ಅವಳು ಕಂಪ್ಯೂಟರಿನ ಮುಂದೆ ಕೂತು ಆ ಮುಚ್ಚುಗಾಜಿನ ಕಡತವಿದ್ದ ಕಡೆ ನೋಡಿದಳು. ತೆರೆಯಲಿಲ್ಲ. ಪಕ್ಕದಲ್ಲಿದ್ದ ದಿನಾಂಕ ಕಣ್ಣಿಗೆ ಬಿತ್ತು. ಕೊನೆಯ ಬಾರಿ ತೆರೆದದ್ದು ಕಳೆದ ಗುರುವಾರ, ಹನ್ನೊಂದೂ ಇಪ್ಪತ್ತಕ್ಕೆ. ಗುರುವಾರ ಅವಳು ರಜೆಯಲ್ಲಿದ್ದಳು. ಅಕ್ಕನ ಹಲ್ಲು ತೋರಿಸಲು ಹೋಗಿದ್ದಳು. ಯಾರೋ ಓದಿದ್ದಾರೆ. ಓದಿ, ಮರುದಿನ ಪಟ್ಟಿ ಸಿದ್ಧಮಾಡಿದ್ದಾರೆ, ಪಟ್ಟಿಯ ಮೇಲೆ ಶುಕ್ರವಾರದ ತಾರೀಖಿತ್ತು. ಅವಳಿಲ್ಲದ ದಿನ ಈ ಕೋಣೆಗೆ ಬೀಗ, ಅದರ ಬೀಗದಕೈ ಇರುವುದು ಇಬ್ಬರ ಹತ್ತಿರ ಮಾತ್ರ, ಅವಳ ಹತ್ತಿರ ಮತ್ತು ಮೇಷ್ಟ್ರ ಹತ್ತಿರ.

ಇಷ್ಟೆಲ್ಲದರ ನಡುವೆ ಅವಳು ನೆನೆಯದೆ ಇರಲು ಯತ್ನಿಸುತ್ತಿದ್ದುದು ಒಂದು ಹುಡುಗಿಯನ್ನು. ಅಳಿಯ ದೊಡ್ಡ ಕೆಲಸ ಹಿಡಿದು ಹೋದ ಮೇಲೆ, ಅದೇ ಒಳಕಿವಿಯ ಕೆಲಸವನ್ನು ಮುಂದುವರಿಸಲು ಬಂದವಳು. ಎಡಗೈಯಲ್ಲಿ ಕೆಲಸ ಮಾಡುತ್ತಿದ್ದಳು, ಹಾಗಾಗಿ ಎಲ್ಲರ ಬಾಯಲ್ಲೂ ಎಡಗೈ. ಮೂರು ವರ್ಷ ಇಲಿಯ ಕಿವಿಯ ಸುರುಳಿಯನ್ನು ಎಲುಬಿನಿಂದ ಬಿಡಿಸಿ ಬಿಡಿಸಿ ಗಾಜಿನ ಮೇಲೆ ಹಾಸಿದಳು. ಒಂದೇ ಒಂದು ಕೋಶವೂ ಹಳದಿಯಾಗಲಿಲ್ಲ. ಹಸಿರು ಹಸಿರೇ, ಕೆಂಪು ಕೆಂಪೇ. ವಾರದ ಸಭೆಯಲ್ಲಿ ಮೇಷ್ಟ್ರು ಎಲ್ಲರೆದುರು, "ಬಲಗೈಯಲ್ಲಿ ಒಂದ್ಸಲ ಮಾಡಿ ನೋಡಮ್ಮಾ, ಬಂದರೂ ಬರಬಹುದು" ಎಂದಿದ್ದರು. ಎಲ್ಲ ನಕ್ಕಿದ್ದರು. ಮೂಲೆಯಲ್ಲಿ ಕೂತಿದ್ದ ಸೂಜಿಯಮ್ಮನೂ ನಕ್ಕಿದ್ದಳು. ಜೋರಾಗಿ ಅಲ್ಲ, ಮೇಷ್ಟ್ರಿಗೆ ಕಾಣುವಷ್ಟು. ಆ ಹುಡುಗಿ ಹೊಗಳುತ್ತಿರಲಿಲ್ಲ, ಚಿಕ್ಕಮ್ಮ ಎನ್ನುತ್ತಿರಲಿಲ್ಲ, ಕೇಳುತ್ತಿದ್ದಳು. ಒಂದು ದಿನ ರಿಜಿಸ್ಟರಿನ ಹಳೆಯ ಪುಟ ಬಿಚ್ಚಿಟ್ಟುಕೊಂಡು ಕೇಳಿದಳು.

"ಅಮ್ಮಾ, ಒಂದು ಮಾತು, ತಪ್ಪು ತಿಳ್ಕೊಬೇಡಿ. ಅವತ್ತು ಎರಡೂ ಲೇಸರು ಒಟ್ಟಿಗೆ ಹಚ್ಚಿರಬಹುದಾ?"

"ಬರೆದಿದೆಯಲ್ಲ ಅಲ್ಲಿ. ಓದಕ್ಕೆ ಬರಲ್ವಾ?"

"ಬರೆದಿದೆ. ಆದರೂ ಚಿತ್ರ ತೆರೆದು ಒಂದ್ಸಲ ನೋಡಬಹುದಾ ಅಂತ. ಹಳೇ ಚಿತ್ರ ತೆರೆಯೋಕೆ ನಂಗೆ ಅನುಮತಿ ಇಲ್ಲ, ನಿಮಗೆ ಮಾತ್ರ ಇದೆ."

"ನೀನು ಸ್ಲೇಟು ಹಿಡ್ಕೊಂಡು ಓಡಾಡ್ತಿದ್ದಾಗಿಂದ ನಾನು ಇದರ ಮುಂದೆ ಕೂತಿದ್ದೀನಿ ಕಣಮ್ಮಾ. ಕುಣಿಯೋಕೆ ಬರದಿದ್ರೆ ನೆಲ ನೆಟ್ಟಗಿಲ್ಲ ಅನ್ನಬೇಡ."

ಎರಡು ನಿಮಿಷದ ಕೆಲಸ. ನೋಡಲಿಲ್ಲ. ಆ ಹುಡುಗಿ ಪುಟವನ್ನು ಮೆಲ್ಲಗೆ ಮುಚ್ಚಿ, "ಸರಿ ಅಮ್ಮಾ" ಎಂದು ಹೋದಳು. ಆ ವರ್ಷದ ಕೊನೆಗೆ ಪದವಿಯಿಲ್ಲದೆ ಹೊರಟುಹೋದಳು. 'ಕೈಕೌಶಲ ಸಾಲದು' ಎಂದು ಅವಳ ಕಾಗದಪತ್ರದಲ್ಲಿ ಬರೆದಿದ್ದರಂತೆ. ಕಳೆದ ವರ್ಷ ಅಕ್ಕನಿಗೆ ಕನ್ನಡಕ ಮಾಡಿಸಲು ಹೋದಾಗ ಅಂಗಡಿಯ ಮೇಜಿನ ಹಿಂದೆ ಎಡಗೈಯಲ್ಲಿ ಚೀಟಿ ಬರೆಯುತ್ತಿದ್ದವಳು ತಲೆಯೆತ್ತಿದಳು. ಅವಳೇ. "ಚೆನ್ನಾಗಿದ್ದೀರಾ ಅಮ್ಮಾ?" ಎಂದಳು. ಅಕ್ಕ ತನ್ನ ಕಿವುಡುದನಿಯಲ್ಲಿ, "ನನ್ನ ತಂಗಿ ಕಿವಿ ಬೆಳೆಸೋ ಆಫೀಸಲ್ಲಿದ್ದಾಳೆ ಕಣಮ್ಮಾ! ನನಗೂ ಒಂದಿನ ಬೆಳೆಸಿಕೊಡ್ತಾಳಂತೆ!" ಎಂದು ಅಂಗಡಿಗೆಲ್ಲ ಕೇಳುವಂತೆ ಹೇಳಿದಳು. ಹುಡುಗಿ ಚೀಟಿಯಿಂದ ಕಣ್ಣೆತ್ತದೆ, "ಗೊತ್ತು ಅಜ್ಜಿ, ನಾನೂ ಅಲ್ಲೇ ಇದ್ದೆ" ಎಂದಳು. ಅಷ್ಟೇ. ಆ ಅಷ್ಟೇ ಎನ್ನುವುದನ್ನು ಸೂಜಿಯಮ್ಮನಿಂದ ತಡೆದುಕೊಳ್ಳಲಾಗಲಿಲ್ಲ. ಸೇಡಿಗೆ ಗಾಜಿನ ಅಳತೆ ತಪ್ಪು ಕೊಟ್ಟಿರಬಹುದೆಂದು ಆ ಕನ್ನಡಕವನ್ನು ಇನ್ನೊಂದು ಅಂಗಡಿಗೆ ಒಯ್ದು ಪರೀಕ್ಷೆ ಮಾಡಿಸಿದಳು. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಆಗಿನ್ನೂ ಅವಳು ಚಿತ್ರದ ಹೊಟ್ಟೆಯ ಸಾಲನ್ನು ಓದಿರಲಿಲ್ಲ. ಆದರೂ ಸಂಶಯ ಆಗಲೇ ಎಲ್ಲಿಂದ ಬಂತು? ಯಾರೂ ಅನ್ಯಾಯ ಮಾಡಿರದಿದ್ದರೆ ಸೇಡು ಎನ್ನುವ ಮಾತು ತಲೆಗೆ ಯಾಕೆ ಬರಬೇಕಿತ್ತು?

ಮೇಷ್ಟ್ರ ಕೋಣೆಗೆ ಹೋಗುವ ದಾರಿಯಲ್ಲಿ ಎರಡು ಸಲ ನಿಂತಳು. ಬಾಯಿ ಬಿಡಿಸಬೇಕು, ಆದರೆ ತಾನು ಬಿಡಬಾರದು. ಗೋಡೆಯ ಮೇಲೆ ಆ ಮುಖಪುಟವನ್ನು ಚೌಕಟ್ಟು ಹಾಕಿ ತೂಗುಹಾಕಿತ್ತು. ಮೇಷ್ಟ್ರು ಅದರ ಕೆಳಗೆ ಕೂತು ಶರ್ಟಿನ ಗುಂಡಿಯನ್ನು ತಾವೇ ಹೊಲಿದುಕೊಳ್ಳಲು ಹೊರಟಿದ್ದರು, ಸೂಜಿಗೆ ದಾರ ಸೇರದೆ ಕಣ್ಣು ಕಿರಿದು ಮಾಡಿಕೊಂಡಿದ್ದರು.

"ಬನ್ನಿ ಬನ್ನಿ, ಸರಿಯಾದ ಹೊತ್ತಿಗೆ ಬಂದ್ರಿ. ಇದಕ್ಕೆ ದಾರ ಪೋಣಿಸಿ ಕೊಡಿ, ನಿಮ್ಮ ಹೆಸರಿಗಾದ್ರೂ."

ಅವಳು ಎದುರಿನ ಕುರ್ಚಿಯಲ್ಲಿ ಕೂತು ಪೋಣಿಸಿ ಕೊಟ್ಟಳು.

"ಅಳಿಸೋ ಪಟ್ಟಿ ಬಂತು ಸರ್. ಹಳೇದು ಮೂರು ಉಳಿಸ್ಕೊಂಡಿದ್ದೀರಿ. ಒಳಕಿವೀದು ಇಲ್ಲ."

"ಅದು ಅಚ್ಚಾಗಿದೆಯಲ್ಲ, ಇನ್ಯಾಕೆ? ಆ ಮೂರು ಇನ್ನೂ ಬರೆದು ಮುಗಿದಿಲ್ಲ. ಹೊಸ ಕಂಪ್ಯೂಟರಲ್ಲಿ ಜಾಗ ಇದ್ದಷ್ಟೂ ಹುಡುಗರು ತುಂಬ್ತಾರೆ, ನಿಮಗೇ ಗೊತ್ತು."

"ಯಾರಾದ್ರೂ ಕೇಳಿದ್ರೆ?"

ಅವರು ಸೂಜಿಯನ್ನು ಶರ್ಟಿನಲ್ಲಿ ಚುಚ್ಚಿ ನಿಲ್ಲಿಸಿದರು. ಈಗ ಬರುತ್ತದೆ ಎಂದುಕೊಂಡಳು ಅವಳು. ಈ ನೋಟಕ್ಕಾಗಿಯೇ ಎಂಟು ತಿಂಗಳು ಕಾದಿದ್ದಳು.

"ಕೇಳಿದ್ದರು ಒಬ್ಬರು. ನಿಮಗೆ ಹೇಳಿರಲಿಲ್ಲ, ಬೇಜಾರು ಮಾಡ್ಕೋತೀರಿ ಅಂತ. ಆ ಎಡಗೈ ಹುಡುಗಿ ಹೋಗೋ ಮುಂಚೆ ಇಲ್ಲಿಗೇ ಬಂದಿದ್ಲು. ನೀವು ಕೂತಿದ್ದೀರಲ್ಲ, ಅದೇ ಕುರ್ಚಿ. ಲೇಸರು ಒಟ್ಟಿಗೆ ಉರಿದಿರಬೇಕು, ಚಿತ್ರ ತೆರೆಸಿ ನೋಡಿ ಸರ್ ಅಂದ್ಲು. ನನಗೂ ಒಂದು ಘಳಿಗೆ ಹೌದಲ್ಲ ಅನ್ನಿಸ್ತು."

"ಆಮೇಲೆ?"

"ಆಮೇಲೇನು, ರಿಜಿಸ್ಟರು ತರಿಸಿದೆ. ನಿಮ್ಮ ಅಕ್ಷರ ಇತ್ತು, ಸಹಿ ಇತ್ತು. ಅಷ್ಟು ಸಾಕಾಯ್ತು. ಬೇರೆ ಯಾರೇ ಬರೆದಿದ್ರೂ ಚಿತ್ರ ತೆರೆದು ಕೆದಕ್ತಿದ್ದೆ. 'ಆಯಮ್ಮ ಸುಳ್ಳು ಬರೆಯೋರಲ್ಲ, ನಿನ್ನ ಕೈ ಸರಿಯಿಲ್ಲದ್ದಕ್ಕೆ ಇನ್ನೊಬ್ಬರ ಮೇಲೆ ಹಾಕಬೇಡ' ಅಂತ ಜೋರು ಮಾಡಿ ಕಳಿಸ್ಬಿಟ್ಟೆ." ಅವರು ಮತ್ತೆ ಗುಂಡಿಗೆ ಬಗ್ಗಿದರು. "ನಿಮ್ಮ ಪರವಾಗಿ ನಿಂತೆ ಅಂತಿಟ್ಕೊಳ್ಳಿ. ಯಾಕೆ ಕೇಳಿದ್ರಿ?"

"ಏನಿಲ್ಲ ಸರ್."

ಆ ಮುಖದಲ್ಲಿ ಏನೂ ಇರಲಿಲ್ಲ. ಎಷ್ಟು ಹುಡುಕಿದರೂ ಇರಲಿಲ್ಲ. ಗುಂಡಿ ಹೊಲಿಯುವ ಒಬ್ಬ ವಯಸ್ಸಾದ ಮನುಷ್ಯನ ಮುಖ ಅದು, ಅಷ್ಟೇ. ಅವಳು ಮೆಟ್ಟಿಲಿಳಿದಳು. ಅವರಿಗೆ ಗೊತ್ತಿದ್ದಿದ್ದರೆ ಎಷ್ಟು ಚೆನ್ನಾಗಿತ್ತು! ಗೊತ್ತಿದ್ದೂ ಮುಚ್ಚಿಟ್ಟಿದ್ದರೆ ಅವರದು ದೊಡ್ಡ ಪಾಲು, ಅಳಿಯನದು ಒಂದು ಪಾಲು, ಕೊನೆಯಲ್ಲಿ ಉಳಿದ ಚೂರುಪಾರು ಅವಳದು. ಎಂಟು ತಿಂಗಳು ಅವಳು ಮಾಡಿದ್ದು ಇದೇ ಹಂಚಿಕೆ. ಯಾರ ನಗುವಿನಲ್ಲಿ ಏನಿದೆ, ಯಾರ ಮೌನದಲ್ಲಿ ಏನಿದೆ ಎಂದು ಕೆದಕುತ್ತಿದ್ದಷ್ಟು ಹೊತ್ತೂ ಒಂದು ಸಣ್ಣ ತೂತಿನ ಮೂಲಕ ಉಳಿದವರನ್ನು ಮಾತ್ರ ನೋಡುತ್ತಿದ್ದಳು. ತನ್ನ ಪದರವನ್ನು ಹೊರಗೇ ಇಟ್ಟಿದ್ದಳು. ಆ ಹುಡುಗಿಯನ್ನು ಹೊರಗೆ ಕಳುಹಿಸಿದ್ದು ಚಿತ್ರವೂ ಅಲ್ಲ, ಮೇಷ್ಟ್ರೂ ಅಲ್ಲ. ಚಿತ್ರ ತೆಗೆಯುವ ಮೊದಲೇ, ಕೈಗೆ ಎಣ್ಣೆಯಾದೀತೆಂದು, ನಗುನಗುತ್ತಾ ಬರೆದ ಒಂದು ಸಾಲು. ಅದನ್ನು ಅಷ್ಟು ಅಂದವಾಗಿ ಬೇರೆ ಬರೆದಿದ್ದಳು.

ಕೋಣೆಯಲ್ಲಿ ರಿಪೇರಿಯವನು ಹೊಸ ಕಂಪ್ಯೂಟರನ್ನು ಮೇಜಿಗೇರಿಸಿ ಬೆವರು ಒರೆಸಿಕೊಳ್ಳುತ್ತಿದ್ದ. ಹನ್ನೆರಡೂವರೆ ದಾಟಿತ್ತು.

"ಒಂದು ಕೇಳ್ತೀನಿ. ಹೋದ ಗುರುವಾರ ಈ ಕಂಪ್ಯೂಟರನ್ನ ಯಾರು ತೆರೆದಿದ್ರು?"

"ಗುರುವಾರನಾ? ನಾನೇ. ನಮ್ಮ ಆಫೀಸಿಂದಲೇ ಕೂತು ಎಲ್ಲ ಫೈಲೂ ಒಂದ್ಸಲ ಎಣಿಸಿದ್ದೆ, ಎಷ್ಟು ಜಾಗ ಬೇಕಾಗುತ್ತೆ ಅಂತ. ಯಾಕಮ್ಮಾ, ಏನಾದ್ರೂ ಕೆಟ್ಟೋಯ್ತಾ?"

"ಓದಿದ್ಯಾ?"

"ನಾಲ್ಕು ಲಕ್ಷ ಫೈಲು ಅಮ್ಮಾ! ಓದ್ತಾ ಕೂತಿದ್ರೆ ನನ್ನ ಮೊಮ್ಮಕ್ಕಳು ಬಂದು ತಂತಿ ಕೀಳ್ಬೇಕಾಗ್ತಿತ್ತು. ಎಣಿಸೋದು ಅಂದ್ರೆ ಎಣಿಸೋದಷ್ಟೇ."

ಅವಳು ನಗಲು ಹೋದಳು. ನಗು ಬರಲಿಲ್ಲ. ಅವನು ತಲೆ ತಗ್ಗಿಸಿಕೊಂಡು ತಂತಿಗಳನ್ನು ಬಿಡಿಸತೊಡಗಿದ. ಅವಳು ಅವನ ಪಟ್ಟಿಯನ್ನು ತೆಗೆದುಕೊಂಡು, ಮೂವತ್ತೆಂಟನೆಯ ಹೆಸರಿನ ಕೆಳಗೆ 'ಒಳಕಿವಿ, ಅರವತ್ತೆರಡು ಪದರ, ಮೂಲ' ಎಂದು ಬರೆದು ಸಹಿ ಮಾಡಿದಳು.

"ಇದೂ ಹೊಸದಕ್ಕೆ ಹೋಗ್ಬೇಕು. ಅಳಿಸ್ಬೇಡ."

"ಮೇಷ್ಟ್ರು ಹೇಳಿದ್ರಾ?"

"ನಾನು ಹೇಳ್ತಿದ್ದೀನಿ. ಅವರಿಗೆ ಇನ್ನರ್ಧ ಗಂಟೇಲಿ ಗೊತ್ತಾಗುತ್ತೆ."

ಕುರ್ಚಿ ಎಳೆದುಕೊಂಡು ಮುಚ್ಚುಗಾಜಿನ ಕಡತವನ್ನು ತೆರೆದಳು. ಮೂರು ಕಾಗದಗಳು ಒಂದರ ಕೆಳಗೊಂದು, ಒಟ್ಟು ಒಂಬತ್ತು ಪುಟ. ಅಳಿಯನ ಬಗ್ಗೆ ನಾಲ್ಕು ಪುಟ, ಮೇಷ್ಟ್ರ ಬಗ್ಗೆ ಮೂರು, ಯಂತ್ರದ ವಯಸ್ಸಿನ ಬಗ್ಗೆ ಎರಡು. ಹುಡುಗಿಯ ಹೆಸರು ಒಂದೇ ಕಡೆ ಇತ್ತು, ಅದೂ ಕಂಸದಲ್ಲಿ. ಎಲ್ಲವನ್ನೂ ಅಳಿಸಿದಳು. ಖಾಲಿ ಹಾಳೆ ಬೆಳ್ಳಗೆ ಕಣ್ಣಿಗೆ ಹೊಡೆಯಿತು. ಟೈಪು ಮಾಡುವುದು ಅವಳಿಗೆ ನಿಧಾನ. ಎರಡು ಬೆರಳಿನ ಕೆಲಸ. ಎಷ್ಟು ನಿಧಾನವೆಂದರೆ ಸುಳ್ಳು ಹೇಳಲು ಬೇಕಾದಷ್ಟು ಉದ್ದ ಬರೆಯಲು ಸಮಯ ಸಾಲುತ್ತಿರಲಿಲ್ಲ.

'ಸಂಪಾದಕರಿಗೆ. ನಿಮ್ಮ ಪತ್ರಿಕೆಯ ಮುಖಪುಟದಲ್ಲಿ ಬಂದ ಒಳಕಿವಿಯ ಚಿತ್ರವನ್ನು ಯಂತ್ರದಲ್ಲಿ ತೆಗೆದವಳು ನಾನು. ಎರಡು ಬಣ್ಣಗಳನ್ನು ಒಂದಾದ ಮೇಲೊಂದು ತೆಗೆದೆನೆಂದು ರಿಜಿಸ್ಟರಿನಲ್ಲಿ ಬರೆದಿದ್ದೇನೆ. ಅದು ಸುಳ್ಳು. ತೆಗೆಯುವ ಮೊದಲೇ ಬರೆದಿದ್ದೆ. ಎರಡೂ ಲೇಸರುಗಳನ್ನು ಒಟ್ಟಿಗೆ ಹಚ್ಚಿ ತೆಗೆದಿದ್ದೇನೆ. ಚಿತ್ರದೊಳಗಿನ ಪಟ್ಟಿಯನ್ನು ಇದರ ಜೊತೆ ಇಟ್ಟಿದ್ದೇನೆ. ಆ ಹದಿನೇಳು ಕೋಶಗಳು ಹಳದಿಯಲ್ಲ, ಅವುಗಳಲ್ಲಿ ಹಸಿರು ಸೋರಿದೆ. ಇದನ್ನು ನಾಲ್ಕು ವರ್ಷದ ಹಿಂದೆ ಒಬ್ಬ ವಿದ್ಯಾರ್ಥಿನಿ ಕಂಡುಹಿಡಿದು ನನ್ನನ್ನೇ ಕೇಳಿದ್ದಳು. ನಾನು ಚಿತ್ರವನ್ನು ತೆರೆದೂ ನೋಡದೆ, ಇಲ್ಲ ಎಂದುಬಿಟ್ಟೆ. ಅವಳ ಕೈಯಲ್ಲಿ ಯಾವ ದೋಷವೂ ಇರಲಿಲ್ಲ. ಅವಳು ತೆಗೆದ ಚಿತ್ರಗಳೇ ಸರಿ. ನನಗೆ ಇದು ತಿಳಿದು ಎಂಟು ತಿಂಗಳಾಯಿತು. ತಡ ಮಾಡಿದ್ದಕ್ಕೆ ಹೇಳಿಕೊಳ್ಳುವಂಥ ಕಾರಣ ಇಲ್ಲ.'

ಕೆಳಗೆ ತನ್ನ ಪೂರ್ತಿ ಹೆಸರು ಬರೆದಳು. ಈ ಕಟ್ಟಡದಲ್ಲಿ ಅರ್ಧ ಜನಕ್ಕೆ ಗೊತ್ತಿಲ್ಲದ ಹೆಸರು. ಚಿತ್ರದ ಹೊಟ್ಟೆಯ ಪಟ್ಟಿಯನ್ನು ಲಗತ್ತಿಸಿದಳು. ಸಂಪಾದಕರ ವಿಳಾಸದ ಪಕ್ಕದಲ್ಲಿ ಮೇಷ್ಟ್ರದ್ದು, ಅಳಿಯನದ್ದು ಹಾಕಿದಳು. ಹುಡುಗಿಯ ವಿಳಾಸ ಯಂತ್ರ ಬಳಸುವವರ ಹಳೆಯ ಪಟ್ಟಿಯಲ್ಲಿ ಇನ್ನೂ ಇತ್ತು. ಅದನ್ನು ಒಂದೊಂದೇ ಅಕ್ಷರ ನೋಡಿ ಒತ್ತಿದಳು, ಎರಡು ಸಲ ಹೋಲಿಸಿದಳು. ಈ ಕೆಲಸ ನಾಳೆ ಇರುತ್ತದೋ ಇಲ್ಲವೋ. ಕಿವಿ ಬೆಳೆಯುವುದಿಲ್ಲವೆಂದು ಅಕ್ಕನಿಗೆ ಎಷ್ಟು ಗಟ್ಟಿಯಾಗಿ ಕೂಗಿ ಹೇಳಬೇಕಾಗುತ್ತದೋ. ಹುಡುಗಿ ಓದುತ್ತಾಳೋ, ಓದಿ ಮುಚ್ಚಿ ಬಿಡುತ್ತಾಳೋ. ಅವಳು ಏನೆಂದುಕೊಳ್ಳಬಹುದೆಂದು ಊಹಿಸಲು ಹೋಗಿ, ಸಾಕು ಎಂದು ಅಲ್ಲಿಗೇ ನಿಲ್ಲಿಸಿದಳು.

"ಅಮ್ಮಾ, ಒಂದಾಯ್ತು. ತಂತಿ ಕೀಳ್ಲಾ?"

"ತಡಿಯಪ್ಪಾ, ಒಂದು ಕಾಗದ ಹೋಗ್ಬೇಕು."

ಒತ್ತಿದಳು. ಸಣ್ಣ ಚಕ್ರವೊಂದು ಪರದೆಯ ಮೇಲೆ ತಿರುಗಿ ತಿರುಗಿ ನಿಂತಿತು. ಅವಳಿಗೆ ನಂಬಿಕೆಯಾಗಲಿಲ್ಲ. ಕಳುಹಿಸಿದ ಪತ್ರಗಳ ಪಟ್ಟಿಯನ್ನು ತೆರೆದು, ಕನ್ನಡಕ ಏರಿಸಿ, ಬೆರಳಿಟ್ಟು ನೋಡಿದಳು. ನಾಲ್ಕು ವಿಳಾಸವೂ ಸಾಲಾಗಿದ್ದವು. ಮುಂದೆ ಇವತ್ತಿನ ತಾರೀಖು, ಒಂದು ಗಂಟೆ ಎರಡು ನಿಮಿಷ. ಹೋಗಿತ್ತು.